ಹನ್ನೊಂದೂವರೆ ರೂಪಾಯಿಯ ಬಹುಮಾನ

ಟೀವಿಯಲ್ಲಿ ಸಂಜೆಯ ಹೊತ್ತು ಗೃಹಿಣಿಯರಿಗಾಗಿ ನಡೆಸುವ ಆಟದ ಕಾರ್ಯಕ್ರಮವೊಂದನ್ನು ನಾನು ತಪ್ಪದೆ ನೋಡುತ್ತೇನೆ. ಬದುಕಿನ ಬಹುಭಾಗವನ್ನು ಶಾಸನಗಳ ಕಾಲನಿರ್ಣಯದಲ್ಲಿ ಕಳೆದವಳಿಗೆ ಇದು ತಕ್ಕ ಹವ್ಯಾಸವಲ್ಲವೆಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಒಬ್ಬಾಕೆ ಬಲೂನು ಒಡೆಯುತ್ತಾಳೆ, ಇನ್ನೊಬ್ಬಾಕೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಳು ಬೇರ್ಪಡಿಸುತ್ತಾಳೆ, ಕೊನೆಗೆ ಯಾರಿಗೋ ಒಂದು ಮಿಕ್ಸಿಯೋ ಕುಕ್ಕರೋ ಸಿಕ್ಕುತ್ತದೆ. ಸಿಕ್ಕವಳು ಕಣ್ಣೀರು ಒರೆಸಿಕೊಳ್ಳುತ್ತಾಳೆ. ಅವಳ ಅಡುಗೆಮನೆಯಲ್ಲಿ ಮಿಕ್ಸಿ ಇಲ್ಲವೆಂದಲ್ಲ, ಬಹುಶಃ ಎರಡಿವೆ. ಆದರೂ ಅಂಗಡಿಯಿಂದ ಬಂದ ಮಿಕ್ಸಿ ಬೇರೆ, ಗೆದ್ದು ತಂದ ಮಿಕ್ಸಿ ಬೇರೆ. ಈ ವ್ಯತ್ಯಾಸವನ್ನು ಯಾವ ಅರ್ಥಶಾಸ್ತ್ರಜ್ಞನೂ ಬಿಡಿಸಿ ಹೇಳಿದ್ದನ್ನು ನಾನು ಓದಿಲ್ಲ.

ನಿಜ ಹೇಳಬೇಕೆಂದರೆ, ನಾನು ನೋಡುವುದು ಗೆದ್ದವಳನ್ನಲ್ಲ. ಗೆದ್ದವಳ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವವಳನ್ನು. ಅವಳ ಕೈಗಳು ಚಪ್ಪಾಳೆ ತಟ್ಟುತ್ತವೆ, ತುಟಿಗಳು ನಗುತ್ತವೆ, ಕಣ್ಣು ಮಾತ್ರ ಕುಕ್ಕರಿನ ಮೇಲಿರುತ್ತದೆ. ಆ ಮುಖ ನನಗೆ ಬಹಳ ಪರಿಚಿತ. ನನ್ನ ಹತ್ತು ಹನ್ನೆರಡನೆಯ ವಯಸ್ಸಿನಿಂದ ಆ ಮುಖವನ್ನು ನಾನೇ ಹೊತ್ತು ತಿರುಗಿದ್ದೇನೆ. ಗೆದ್ದವಳು ಪ್ರತಿ ಸಲವೂ ಒಬ್ಬಳೇ: ನನ್ನ ಅಕ್ಕ ಗಿರಿಜೆ.

ಕುಬಟೂರಿನ ನಮ್ಮ ಮನೆಯ ಜಗಲಿಯಲ್ಲಿ ಅಳಗುಳಿ ಮಣೆ ಹರವಿಕೊಂಡು ಕೂತರೆ, ಅರ್ಧ ಗಂಟೆಯೊಳಗೆ ನನ್ನ ಕಡೆಯ ಕುಳಿಗಳೆಲ್ಲ ಬರಿದಾಗಿ, ಹುಣಸೆಬೀಜದ ರಾಶಿ ಅಕ್ಕನ ಮಡಿಲಿನಲ್ಲಿರುತ್ತಿತ್ತು. ಸೋಲಿನಲ್ಲಿ ನನಗೆ ಅಷ್ಟು ಬೇಸರವಿರಲಿಲ್ಲ. ಬೇಸರವಿದ್ದದ್ದು ಅದರ ಮುಂದಿನದಕ್ಕೆ. ಆಟ ನಿಲ್ಲಬಾರದೆಂದು ಅವಳು ಗೆದ್ದ ಬೀಜಗಳಲ್ಲೇ ಒಂದು ಹಿಡಿಯನ್ನು ನನಗೆ ಕೊಡುತ್ತಿದ್ದಳು. ಆಮೇಲೆ ಆ ಹಿಡಿಯನ್ನೂ ಗೆಲ್ಲುತ್ತಿದ್ದಳು. ದಾನ ಪಡೆದು ಸೋಲುವುದರ ರುಚಿ ನನಗೆ ಅಷ್ಟು ಚಿಕ್ಕಂದಿನಲ್ಲೇ ತಿಳಿಯಿತು. ಮುಂದೆ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರು ವಿಸ್ತಾರವಾಗಿಯೂ ಪಡೆದವರ ಮನಸ್ಸು ಎಲ್ಲಿಯೂ ಇಲ್ಲದೆಯೂ ಇರುವುದನ್ನು ಕಂಡಾಗಲೆಲ್ಲ ನನಗೆ ಆ ಜಗಲಿಯೇ ನೆನಪಾಗುತ್ತಿತ್ತು. ಇದು ಸಂಶೋಧನೆಯ ಪದ್ಧತಿಯಲ್ಲವೆಂದು ಬಲ್ಲೆ.

ಅಕ್ಕನನ್ನು ಸೊರಬಕ್ಕೆ ಕೊಟ್ಟರು. ನನ್ನನ್ನು ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದವರಿಗೆ ಕೊಟ್ಟರು. ಭಾವ ಅನುಕೂಲಸ್ಥರು, ಗದ್ದೆ ತೋಟ ಎರಡೂ ಇದ್ದವರು, ಮಾತು ಕಡಿಮೆ, ಮನೆಗೆ ಬೇಕಾದ್ದನ್ನೆಲ್ಲ ಪೇಟೆಯಿಂದ ತಾವೇ ತಂದು ಹಾಕುವವರು. ಅಕ್ಕನ ಮನೆಗೆ ಹೋದರೆ ಅಡುಗೆಮನೆಯಲ್ಲಿ ಇಂಥದ್ದಿಲ್ಲ ಎನ್ನುವ ಹಾಗಿರಲಿಲ್ಲ. ಇಷ್ಟು ಸಾಲದೆಂಬಂತೆ, ಸೊರಬದಲ್ಲಿ ಆಗಷ್ಟೇ ಹುಟ್ಟಿಕೊಂಡಿದ್ದ ಮಹಿಳಾ ಸಮಾಜವೊಂದು ವರ್ಷಕ್ಕೊಮ್ಮೆ ಆಟಗಳನ್ನು ಏರ್ಪಡಿಸಿ, ಗೆದ್ದವರಿಗೆ ಮನೆಬಳಕೆಯ ಸಾಮಾನನ್ನೇ ಬಹುಮಾನವಾಗಿ ಕೊಡುತ್ತಿತ್ತು. ಚಮಚೆಯಲ್ಲಿ ನಿಂಬೆಹಣ್ಣಿಟ್ಟು ಓಡಿ ಅಕ್ಕ ಒಂದು ಸೋಪಿನ ಪೆಟ್ಟಿಗೆ ಗೆದ್ದಳು. ಸೂಜಿಗೆ ದಾರ ಪೋಣಿಸಿ ಕೈಗನ್ನಡಿ ಗೆದ್ದಳು. ಕಣ್ಣು ಕಟ್ಟಿಸಿಕೊಂಡು, ಬರಿಯ ಬೆರಳಿನಿಂದ ಹೆಸರುಕಾಳು ಉದ್ದಿನಕಾಳು ಬೇರೆ ಮಾಡಿ ಒಂದು ಪಿಂಗಾಣಿ ಜಾಡಿ ಗೆದ್ದಳು. ಆಮೇಲೊಂದು ಗಾಜಿನ ಹೂಜಿ. ಅದು ಯಾವ ಆಟಕ್ಕೆ ಬಂದದ್ದೆಂದು ಖಚಿತಪಡಿಸಿಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ಇವೆಲ್ಲವೂ ನಡುಮನೆಯ ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಪೆಟ್ಟಿಗೆಯಲ್ಲಿ ಸೋಪಿರಲಿಲ್ಲ, ಜಾಡಿಯಲ್ಲಿ ಉಪ್ಪಿನಕಾಯಿ ಇರಲಿಲ್ಲ, ಹೂಜಿ ನೀರನ್ನು ಕಂಡಿರಲಿಲ್ಲ. ಮಕ್ಕಳು ಹತ್ತಿರ ಸುಳಿದರೆ ಕಿವಿ ಹಿಂಡಿಸಿಕೊಳ್ಳುತ್ತಿದ್ದರು. ನಮ್ಮ ಅವ್ವ ಸೊರಬಕ್ಕೆ ಹೋಗಿ ಬಂದಾಗಲೆಲ್ಲ ನನ್ನೆದುರು ಆ ಗೂಡಿನ ವರ್ಣನೆ ನಡೆಯುತ್ತಿತ್ತು. ನಮ್ಮ ಮನೆಯಲ್ಲೂ ಪಿಂಗಾಣಿ ಜಾಡಿ ಇತ್ತು, ಅದರಲ್ಲಿ ಅವ್ವನೇ ಹಾಕಿ ಕೊಟ್ಟ ಮಾವಿನಮಿಡಿಯೂ ಇತ್ತು. ಅದನ್ನು ಯಾರೂ ವರ್ಣಿಸಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅದಕ್ಕೆ ಮೊದಲು ವರ್ಷ ಗೊತ್ತುಮಾಡಿಕೊಳ್ಳಬೇಕು. ಅಕ್ಕನ ಪ್ರಕಾರ ಇದು ನಡೆದದ್ದು ಆಣೆಗಳ ಕಾಲದಲ್ಲಿ. ಅದು ತಪ್ಪು. ನಾನು ಸಭೆಯಲ್ಲಿ ‘ನಯಾಪೈಸೆ’ ಎಂಬ ಮಾತನ್ನು ಆಡಿದ್ದೂ, ಮುಂದಿನ ಸಾಲಿನ ಅಜ್ಜಿಯೊಬ್ಬರು ಅದು ಎಷ್ಟಾಣೆ ಎಂದು ಪಕ್ಕದವರನ್ನು ಕೇಳಿದ್ದೂ ನನಗೆ ಚೆನ್ನಾಗಿ ನೆನಪಿದೆ. ಆದ್ದರಿಂದ ಆ ನಾಣ್ಯ ಚಲಾವಣೆಗೆ ಬಂದ ಐವತ್ತೇಳರ ಏಪ್ರಿಲಿಗಿಂತ ಹಿಂದಕ್ಕೆ ಹೋಗುವಂತಿಲ್ಲ. ಆಟ ನಡೆದದ್ದು ದೀಪಾವಳಿಯ ಮುಂಚಿನ ವಾರ. ಐವತ್ತೇಳರ ದೀಪಾವಳಿ ನಮ್ಮ ಮದುವೆಯಾದ ಮೇಲಿನ ಮೊದಲನೆಯದು. ಅಳಿಯತನಕ್ಕೆಂದು ನಾವಿಬ್ಬರೂ ಕುಬಟೂರಿಗೆ ವಾರ ಮೊದಲೇ ಬಂದು ಕೂತಿದ್ದೆವು. ಐವತ್ತೊಂಬತ್ತರ ಹೊತ್ತಿಗೆ ನಯಾಪೈಸೆ ಅಜ್ಜಿಯರಿಗೂ ರೂಢಿಯಾಗಿತ್ತು. ಹಾಗಾಗಿ ಐವತ್ತೆಂಟು. ಈ ನಿರ್ಣಯವನ್ನು ಅಕ್ಕನಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಅವಳು ಕೊನೆಯವರೆಗೆ ಕೇಳಿ, “ಆಣೆ ಇತ್ತು ಬಿಡೇ” ಎನ್ನುತ್ತಾಳೆ.

ಆ ವರ್ಷ ಸಮಾಜದ ಅಧ್ಯಕ್ಷೆಯಾಗಿದ್ದವರು ತಾಲೂಕಿನ ಅಮಲ್ದಾರರ ಮನೆಯವರು. ಮೈಸೂರಿನ ಕಡೆಯಿಂದ ಬಂದವರು, ಇಂಗ್ಲಿಷ್ ಪತ್ರಿಕೆ ತರಿಸುವವರು. ನಿಂಬೆಹಣ್ಣು ಸೂಜಿದಾರಗಳು ಅವರಿಗೆ ಸಾಕಾಗಿದ್ದವು. ಈ ಸಲ ಹೊಸ ಆಟ: ಮೇಜಿನ ಮೇಲೆ ಸಾಮಾನು ಇಡುತ್ತಾರೆ, ಸ್ಪರ್ಧೆಗೆ ನಿಂತವರು ಎತ್ತಿ ನೋಡಿ ಅದರ ಬೆಲೆ ಹೇಳಬೇಕು. ನಿಜವಾದ ಬೆಲೆಯನ್ನು ಮೀರದೆ, ಅದಕ್ಕೆ ಎಲ್ಲರಿಗಿಂತ ಹತ್ತಿರ ಬಂದವರಿಗೆ ಆ ಸಾಮಾನು. ಸಣ್ಣಪುಟ್ಟವು ಹಲವು, ದೊಡ್ಡದು ನಾಲ್ಕು ಡಬ್ಬಿಯ ಸ್ಟೀಲು ಕ್ಯಾರಿಯರ್. ಸೊರಬದಲ್ಲಿ ಅಂಥದ್ದು ಸಿಗದೆ ಶಿಕಾರಿಪುರದ ಪೇಟೆಯಿಂದ ತರಿಸಿದ್ದರು. ಸದಸ್ಯೆಯರ ಅಕ್ಕತಂಗಿಯರೂ ಆಡಬಹುದೆಂಬ ರಿಯಾಯಿತಿ ಇತ್ತು. ಇಷ್ಟನ್ನೂ ನವರಾತ್ರಿಗೆ ಭೇಟಿಯಾದಾಗ ನನಗೆ ಹೇಳಿದವಳು ಅಕ್ಕನೇ.

ಶಿಕಾರಿಪುರದ ಪೇಟೆ ಎಂದ ಕೂಡಲೇ ನಾನು ಲೆಕ್ಕ ಹಾಕತೊಡಗಿದೆ. ಓಟ, ಕೈಚಳಕ, ಕಣ್ಣು ಕಟ್ಟಿದ ಆಟ, ಇವುಗಳಲ್ಲಿ ಅಕ್ಕನನ್ನು ಮೀರಿಸುವುದು ನನ್ನಿಂದಾಗದು. ಬೆಲೆ ಎಂಬುದು ಹಾಗಲ್ಲ. ಅದು ವಿಚಾರಿಸಿ ತಿಳಿಯಬಹುದಾದ ವಿಷಯ. ಊರಿಗೆ ಮರಳಿದವಳೇ ಕೆಲಸಕ್ಕೆ ತೊಡಗಿದೆ. ಸಂಜೆ ಯಜಮಾನರ ಜೊತೆ ಪೇಟೆಗೆ ಹೋಗುವುದು ನಮ್ಮ ರೂಢಿಯಾಗಿತ್ತು. ಅವರು ಪರಿಚಿತರೊಂದಿಗೆ ಮಾತಿಗೆ ನಿಂತರೆ ನಾನು ಪಾತ್ರೆ ಅಂಗಡಿಗಳನ್ನು ಹೊಕ್ಕು ಬರುತ್ತಿದ್ದೆ. ಒಂದು ಅಂಗಡಿಯ ಮಾತನ್ನು ನಂಬದೆ ಇನ್ನೊಂದರಲ್ಲಿ ಕೇಳುವುದು, ಅದನ್ನು ಮೂರನೆಯದರಲ್ಲಿ ತಾಳೆ ನೋಡುವುದು. ಮುಂದೆ ಹೊಟ್ಟೆಪಾಡಾಗಲಿದ್ದ ವಿದ್ಯೆ ಆಗ ಬರಿಯ ಹೊಟ್ಟೆಕಿಚ್ಚಿನ ಸೇವೆಯಲ್ಲಿತ್ತು. ಕೊನೆಕೊನೆಗೆ ನನ್ನನ್ನು ಕಂಡರೆ ದೊಡ್ಡ ಅಂಗಡಿಯ ಸಾಹುಕಾರರು ಕೂತಲ್ಲಿಂದ ಏಳುತ್ತಿರಲಿಲ್ಲ.

“ಅಕ್ಕಾರ, ಇವತ್ತೂ ಬೆಲಿ ಕೇಳಾಕ ಬಂದೀರೋ, ತಗೊಳ್ಳಾಕ ಬಂದೀರೋ?” ಎಂದು ಕೇಳಿದರು ಒಂದು ದಿನ.

ಕೇಳಲಿಕ್ಕೆ ಎಂದು ಒಪ್ಪಿಕೊಂಡೆ. ಅವರು ಕ್ಯಾರಿಯರನ್ನು ತೋರಿಸುವ ಗೊಡವೆಗೂ ಹೋಗದೆ, ಅದೇ ಹನ್ನೊಂದೂವರೆ ರೂಪಾಯಿಯೆಂದು ಹೇಳಿ ಕಳುಹಿಸಿದರು. ಮೂರೂ ಅಂಗಡಿಗಳಲ್ಲಿ ಅದೇ ಬೆಲೆ. ನನ್ನ ಮಟ್ಟಿಗೆ ವಿಷಯ ನಿರ್ಣಯವಾಗಿತ್ತು.

ಆಟ ನಡೆದದ್ದು ಸೊರಬದ ಶಾಲೆಯೊಂದರ ಹಾಲಿನಲ್ಲಿ. ಗಂಡಸರಿಗೆ ಪ್ರವೇಶವಿರಲಿಲ್ಲ. ಶುರುವಾದ ಮೇಲೆ ಅಮಲ್ದಾರರ ಮನೆಯವರಿಗೆ ತಮ್ಮ ಲೆಕ್ಕಾಚಾರದಲ್ಲಿ ಏನೋ ತಪ್ಪಿದೆಯೆಂದು ಹೊಳೆಯತೊಡಗಿತು. ಅಲ್ಲಿ ಸೇರಿದ್ದವರಲ್ಲಿ ಬಹುಪಾಲು ಹೆಂಗಸರು ಅಂಗಡಿಯ ಮೆಟ್ಟಿಲು ಹತ್ತಿದವರೇ ಅಲ್ಲ. ಸಾಮಾನನ್ನೆಲ್ಲ ಗಂಡಸರು ತರುತ್ತಿದ್ದರು. ತಂದದ್ದರ ಬೆಲೆ ಕೇಳುವುದು ಮರ್ಯಾದೆಯಲ್ಲ, ಹೇಳುವುದು ಅವರ ರೂಢಿಯಲ್ಲ. ಒಬ್ಬರು ಸೌಟನ್ನು ಹಿಡಿದುಕೊಂಡು, ತಮ್ಮ ಯಜಮಾನರನ್ನು ಕೇಳಿ ನಾಳೆ ಹೇಳಬಹುದೇ ಎಂದರು. ಇನ್ನೊಬ್ಬರು ಬಾಣಲೆಗೆ ನೂರು ರೂಪಾಯಿ ಹೇಳಿ, ನಕ್ಕವರನ್ನು ನೋಡಿ, ಹಾಗಾದರೆ ಎಂಟಾಣೆ ಎಂದರು.

ಕ್ಯಾರಿಯರಿನ ಸರದಿ ಬಂದಾಗ ಅಕ್ಕ ಎದ್ದಳು. ಆ ನಡಿಗೆಯನ್ನು ನೀವು ನೋಡಬೇಕಿತ್ತು. ಸೋಲಿನ ಪರಿಚಯವಿಲ್ಲದವರು ನಡೆಯುವ ರೀತಿಯೇ ಬೇರೆ. ಕ್ಯಾರಿಯರನ್ನು ಎತ್ತಿ ತೂಕ ನೋಡಿದಳು. ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದಳು. ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ, ತಳ ತಿರುಗಿಸಿ, ಒಳಗೆ ಮೂಸಿಯೂ ನೋಡಿದಳು. ಆಮೇಲೆ ಸಭೆಯ ಕಡೆ ತಿರುಗಿ, ಯಾವ ಅಳುಕೂ ಇಲ್ಲದೆ ಹೇಳಿದಳು:

“ಎರಡು ಹಳೇ ಪಂಚೆ, ಒಂದು ಹಳೇ ಸೀರೆ. ಸೀರೇಲಿ ಜರಿ ಇದ್ರೆ ಮೇಲೊಂದು ಸೌಟು ಕೊಡ್ಬೇಕು.”

ಶಾಲೆಯ ಮಾಡು ಹಾರಿಹೋಗುವಂತೆ ನಗು. ಹೊಸ ತಲೆಮಾರಿನವರಿಗಾಗಿ ಹೇಳುತ್ತೇನೆ: ಆಗ ತಲೆಯ ಮೇಲೆ ಬುಟ್ಟಿ ಹೊತ್ತು ಪಾತ್ರೆಯವಳು ಬರುತ್ತಿದ್ದಳು. ಹಳೆಯ ಬಟ್ಟೆ ಪಡೆದು ಪಾತ್ರೆ ಕೊಡುತ್ತಿದ್ದಳು. ಗಂಡಸರು ಕೆಲಸಕ್ಕೆ ಹೊರಟ ಮೇಲೆಯೇ ಅವಳ ಕೂಗು ಕೇಳಿಸುತ್ತಿತ್ತು. ಹೆಂಗಸರು ತಮ್ಮ ಕೈಯಾರೆ ಮಾಡುತ್ತಿದ್ದ ವ್ಯಾಪಾರ ಎಂದರೆ ಅದೊಂದೇ. ಹಾಗಾಗಿ ಅಕ್ಕನ ಮಾತು ಆ ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಯಿತು, ಮೈಸೂರಿನವರೊಬ್ಬರನ್ನು ಬಿಟ್ಟು. ಅವರಿಗೆ ಪಕ್ಕದವರು ಕಿವಿಯಲ್ಲಿ ವಿವರಿಸಿದ ಮೇಲೆ ಅವರೂ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಹಿಂದಿನ ಸಾಲಿನಿಂದ ಯಾರೋ, “ಒಂದೇ ಪಂಚೆಗೆ ಕೇಳ್ಬೇಕಿತ್ತು ಗಿರಿಜಮ್ಮ, ಮೊದ್ಲೇ ಎರಡು ಅಂದ್ಬಿಟ್ರಲ್ಲ” ಎಂದರು. ಅದಕ್ಕೆ ಮತ್ತೊಂದು ಸುತ್ತು ನಗು.

ಆ ನಗುವಿನ ನಡುವೆ ನನ್ನ ಹೆಸರು ಕರೆದರು. ನಾನು ಎದ್ದು ಹೋಗಿ ಹನ್ನೊಂದು ರೂಪಾಯಿ ಐವತ್ತು ನಯಾಪೈಸೆ ಎಂದೆ. ಅಧ್ಯಕ್ಷೆ ಅಂಗಡಿಯ ಚೀಟಿ ತೆಗೆದು ನೋಡಿದರು. ಒಂದು ಕಾಸೂ ಹೆಚ್ಚುಕಡಿಮೆ ಇಲ್ಲ. ಕ್ಯಾರಿಯರು ನನ್ನದಾಯಿತು. ಚಪ್ಪಾಳೆಯೂ ಬಿತ್ತು, ಆದರೆ ಅದು ಲೆಕ್ಕ ಸರಿಯಾಗಿ ಒಪ್ಪಿಸಿದವರಿಗೆ ಬೀಳುವ ಚಪ್ಪಾಳೆ. ತಟ್ಟುತ್ತಿದ್ದವರು ಇನ್ನೂ ಅಕ್ಕನ ಕಡೆಗೇ ನೋಡಿ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ, ಮನಸಾರೆ ಚಪ್ಪಾಳೆ ತಟ್ಟಿದವಳು ಅಕ್ಕ. ಅವಳ ಕಣ್ಣು ಕ್ಯಾರಿಯರಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ಅದರ ಅರ್ಥ ನನಗಾಗ ತಿಳಿಯಲಿಲ್ಲ.

ಹಬ್ಬಕ್ಕೆ ಇಬ್ಬರೂ ಕುಬಟೂರಿಗೆ ಹೋದೆವು. ಕ್ಯಾರಿಯರನ್ನು ಯಾರಿಗೂ ಕಾಣದಿರಲು ಸಾಧ್ಯವಾಗದ ಜಾಗವೊಂದನ್ನು ಹುಡುಕಿ ಇಟ್ಟೆ. ಅವ್ವ ಅದನ್ನು ಎತ್ತಿಕೊಂಡು, ಅತ್ತಿತ್ತ ತಿರುಗಿಸಿ, ಹನ್ನೊಂದೂವರೆಗೆ ಇದು ತುಸು ತೆಳುವಾಯಿತಲ್ಲವೇ ಎಂದು ವಿಚಾರಿಸಿದಳು. ನೆರೆಮನೆಯವರು ಬಂದು, ಇದೇನಾ ಆ ಹನ್ನೊಂದೂವರೆಯದು ಎಂದರು. ನಮ್ಮ ಸೋದರಮಾವ ಹಾವೇರಿಯಲ್ಲಿ ಇದಕ್ಕಿಂತ ದಪ್ಪನೆಯದು ಹತ್ತಕ್ಕೇ ಬರುತ್ತದೆಂದು ತಿಳಿಸಿದರು. ನಾನು ಗೆದ್ದದ್ದೇ ಬೆಲೆ ಹೇಳಿ. ಆ ಬೆಲೆ ಸಾಮಾನಿಗೆ ಅಂಟಿಕೊಂಡು ಬಂದಿತ್ತು. ಅಕ್ಕನ ಸೋಪಿನ ಪೆಟ್ಟಿಗೆಗೆ ಎಷ್ಟಾಯಿತೆಂದು ಯಾರೂ ಎಂದೂ ಕೇಳಿರಲಿಲ್ಲ. ಅದಕ್ಕೆ ಬೆಲೆಯೇ ಇರಲಿಲ್ಲ. ಆದ್ದರಿಂದಲೇ ಅದು ಅಮೂಲ್ಯವಾಗಿತ್ತು. ಇತ್ತ ಪ್ರತಿ ಊಟದ ಹೊತ್ತಿಗೂ ಅವ್ವ ಅಕ್ಕನಿಂದ ಆ ಪಂಚೆ ಸೀರೆಯ ಮಾತನ್ನು ಇನ್ನೊಮ್ಮೆ ಹೇಳಿಸಿ, ಅನ್ನ ನೆತ್ತಿಗೇರುವಂತೆ ನಗುತ್ತಿದ್ದಳು. ವಸ್ತು ನನಗೆ ಬಂತು, ಗೆಲುವು ಅವಳಿಗೇ ಹೋಯಿತು. ಮಡಿಲಿನ ತುಂಬ ಬೀಜವಿದ್ದರೂ ಆಟ ಸೋತವಳು ನಾನೊಬ್ಬಳೇ ಇರಬೇಕು.

ಹಬ್ಬದ ಮಾರನೆಯ ದಿನ ಹಿತ್ತಿಲಿನಲ್ಲಿ ಇಬ್ಬರೂ ಪಾತ್ರೆ ತೊಳೆಯುತ್ತಿದ್ದೆವು. ಅಕ್ಕ ಬೂದಿ ಹಚ್ಚಿ ಕೊಡುವುದು, ನಾನು ನೀರಿನಲ್ಲಿ ತೆಗೆಯುವುದು. ಅವಳು ಇದ್ದಕ್ಕಿದ್ದಂತೆ ಕೇಳಿದಳು:

“ನಿಂಗೆ ಅಷ್ಟು ಸರಿಯಾಗಿ ಹ್ಯಾಂಗೆ ಗೊತ್ತಾತೇ?”

“ಅಂಗಡೀಲಿ ಕೇಳಿದ್ದೆ.”

“ನಿಮ್ಮವ್ರ ಹತ್ರ ಕೇಳ್ಸಿದ್ಯಾ?”

“ಇಲ್ಲ. ನಾನೇ ಹೋಗಿ ಕೇಳ್ದೆ.”

ಅವಳ ಕೈ ನಿಂತಿತು. “ಒಬ್ಳೇ ಮೆಟ್ಲು ಹತ್ತಿ ಹೋದ್ಯಾ? ಅವ್ರು ಏನೂ ಅನ್ಲಿಲ್ವಾ?”

“ಏನಂತಾರೆ? ಅವ್ರು ಹೊರಗೆ ನಿಂತು ಮಾತಾಡ್ತಾ ಇದ್ರು.”

ಅಕ್ಕ ತುಸು ಹೊತ್ತು ಒಂದೇ ತಟ್ಟೆಯನ್ನು ತಿಕ್ಕುತ್ತಲೇ ಇದ್ದಳು. ನನಗೆ ಕಾಡಿಸಬೇಕೆನಿಸಿತು. ನಿನಗೇನು ಕಡಿಮೆಯಾಗಿದೆ, ಬಾಯಲ್ಲಿ ಬಂದದ್ದನ್ನೆಲ್ಲ ಭಾವ ತಂದುಕೊಡುತ್ತಾರಲ್ಲ ಎಂದೆ.

“ತರ್ತಾರೆ ಮಾರಾಯ್ತಿ. ಇಲ್ಲ ಅನ್ಬಾರ್ದು. ಕೇಳಿದ್ದೆಲ್ಲ ತರ್ತಾರೆ,” ಎಂದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ದೂಡುತ್ತ, “ಅವ್ರನ್ನ ಕೇಳ್ದೇ ಮನೆಗೆ ಬಂದಿದ್ದು ಅಂದ್ರೆ ಆ ಗೂಡಲ್ಲಿರೋವೇ ಕಣೆ. ಅವೊಂದಿಷ್ಟು ನಂದು” ಎಂದಳು.

ನಾನು ತಟ್ಟೆಯನ್ನು ನೀರಿನಲ್ಲಿ ಅದ್ದಿ ತೆಗೆದೆ. ಅಷ್ಟು ವರ್ಷ ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದ ಗೂಡಿನ ಎದುರು ನಿಂತು ಅವಳು ನನ್ನ ಪೇಟೆಯ ಸಂಜೆಗಳ ಕಡೆಗೆ ಆಸೆಯಿಂದ ನೋಡಬಹುದೆಂಬುದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಕರುಣೆ ಹುಟ್ಟಬೇಕಾದ ಸಂದರ್ಭ. ಸತ್ಯ ಬೇರೆ: ನನ್ನ ಬಳಿಯೂ ಅಕ್ಕ ಆಸೆಪಡುವಂಥದ್ದು ಒಂದಿದೆ ಎಂಬ ಹಿಗ್ಗೇ ಮೊದಲು ಬಂತು. ಆ ಹಿಗ್ಗಿನಲ್ಲೇ, ಶಿಕಾರಿಪುರಕ್ಕೆ ಬಾ, ನಾನು ಕರೆದುಕೊಂಡು ಹೋಗುತ್ತೇನೆಂದು ದೊಡ್ಡವಳಂತೆ ಹೇಳಿದೆ.

ಅವಳು ಬಂದದ್ದು ಮಾಘದ ಕೊನೆಯಲ್ಲಿ, ನಮ್ಮ ಮನೆಯಲ್ಲಿ ಒಂದು ಪೂಜೆಯ ನೆವದಿಂದ. ಭಾವ ಶಿರಾಳಕೊಪ್ಪದ ಬಸ್ಸಿನಿಂದ ಅವಳನ್ನು ಇಳಿಸಿ, ಕಾಫಿ ಕುಡಿದು, ಅದೇ ಸಂಜೆ ಹಿಂದಿರುಗಿದರು. ಅವ್ವ ಬಳೆಗೆಂದು ಕೊಟ್ಟದ್ದು, ತಾನು ಕೂಡಿಟ್ಟದ್ದು, ಎರಡನ್ನೂ ಸೇರಿಸಿ ಅಕ್ಕ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದಳು. ಮರುದಿನ ಪೇಟೆಗೆ ಹೊರಟೆವು. ದಾರಿಯುದ್ದಕ್ಕೂ ನಾನು ಪಾಠ ಹೇಳಿದೆ: ಯಾವ ಅಂಗಡಿಯಲ್ಲಿ ಏನು, ಯಾರ ಮಾತು ನೆಚ್ಚಬಹುದು, ಯಾರದನ್ನು ತಾಳೆ ನೋಡಬೇಕು. ಅವಳು ಹೂಂ ಹೂಂ ಎನ್ನುತ್ತ ಬಂದಳು. ದೊಡ್ಡ ಅಂಗಡಿಯ ಮೆಟ್ಟಿಲಿನ ಮುಂದೆ ಕ್ಷಣ ಕಾಲ ತಡೆದಳು. ಸೆರಗು ಸರಿಮಾಡಿಕೊಂಡು, ಬಲಗಾಲಿಟ್ಟು ಹತ್ತಿದಳು, ಮದುಮಗಳು ಹೊಸ್ತಿಲು ದಾಟುವಂತೆ.

ಅವಳು ಕೇಳಿದ್ದು ಕ್ಯಾರಿಯರನ್ನೇ. ನನ್ನ ಬಳಿ ಇದ್ದದ್ದರ ಜೋಡಿಯನ್ನೇ.

ಸಾಹುಕಾರರು ಹನ್ನೊಂದೂವರೆ ಎಂದರು. ನಾನು ಅಕ್ಕನ ಕಡೆ ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿದೆ. ಅಕ್ಕ ನನ್ನನ್ನು ನೋಡಲಿಲ್ಲ. ಗೆಣ್ಣಿನಿಂದ ಬಡಿದಳು, ತಳ ನೋಡಿದಳು, ಒಂದು ಡಬ್ಬಿಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ಎಲ್ಲಿಯೋ ತಡೆದಳು. ಮಾತಾಡದೆ ಕ್ಯಾರಿಯರನ್ನು ಕೆಳಗಿಟ್ಟಳು. ಇನ್ನೊಂದನ್ನು ಎತ್ತಿದಳು, ಅದನ್ನೂ ಇಟ್ಟಳು. ಹಿತ್ತಿಲಿನಲ್ಲಿ ಬುಟ್ಟಿಯವಳ ಎದುರು ಕೂತು ವರ್ಷಗಟ್ಟಲೆ ಕಲಿತ ಮೌನ ಅದು. ಸಾಹುಕಾರರು ಕೂತಲ್ಲಿಂದ ಎದ್ದರು. ಹನ್ನೊಂದು ಎಂದರು. ಅಕ್ಕ ಹೋಗೋಣವೇ ಎಂಬಂತೆ ನನ್ನ ಮೊಣಕೈ ಮುಟ್ಟಿ, ಮೆಟ್ಟಿಲಿಳಿಯಲು ತಿರುಗಿದಳು. ಹತ್ತೂವರೆ ಎಂದರು. ಒಂದು ಮೆಟ್ಟಿಲು ಇಳಿದಳು. ಕೊನೆಗೆ ಒಂಬತ್ತೂಮುಕ್ಕಾಲಿಗೆ ಒಪ್ಪಂದವಾಗಿ, ಮೇಲೊಂದು ಸೌಟು ಸೇರಿತು. ಸೌಟು ಹೇಗೆ ಬಂತೆಂಬುದು ಪಕ್ಕದಲ್ಲೇ ನಿಂತಿದ್ದ ನನಗೂ ತಿಳಿಯಲಿಲ್ಲ.

ಅಕ್ಕ ಸೆರಗಿನ ಗಂಟು ಬಿಚ್ಚುವಾಗ ನನಗೆ ತಡೆಯಲಾಗಲಿಲ್ಲ. ನಾಲ್ಕು ತಿಂಗಳ ಹಿಂದೆ ನನಗೆ ಹನ್ನೊಂದೂವರೆ ಎಂದು ಮೂರು ಸಲ ಹೇಳಿದ್ದರಲ್ಲ ಎಂದು ಸಾಹುಕಾರರನ್ನು ಕೇಳಿದೆ.

“ಹೇಳಿದ್ದು ಖರೇ ರೀ ಅಕ್ಕಾರ,” ಎಂದರು ಅವರು, ಕಾಗದದಲ್ಲಿ ಕ್ಯಾರಿಯರು ಸುತ್ತುತ್ತ. “ಅದು ಕೇಳೋರ ಬೆಲಿ. ತಗೊಳ್ಳೋರ ಬೆಲಿ ಬ್ಯಾರೆ ಇರ್ತೈತಿ.”

ಮೂರು ಆಕರಗಳನ್ನು ತಾಳೆ ನೋಡಿದ್ದೆ. ಮೂರೂ ಒಂದೇ ತಪ್ಪನ್ನು ಹೇಳಿದ್ದವು. ಆ ಆಟದ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ನಾನು ನಿಜವಾದ ಬೆಲೆಯನ್ನು ಮೀರಿದ್ದೆ. ಬಹುಮಾನ ನನಗೆ ಸಲ್ಲುವಂತಿರಲಿಲ್ಲ. ಈ ಆಕ್ಷೇಪವನ್ನು ಇದುವರೆಗೆ ಬೇರೆ ಯಾರೂ ಎತ್ತಿಲ್ಲ. ನಾನೂ ಎತ್ತಿಕೊಡುವ ಗೋಜಿಗೆ ಹೋಗಿಲ್ಲ.

ಮನೆಗೆ ಮರಳುವಾಗ ಕ್ಯಾರಿಯರನ್ನು ಹಿಡಿದುಕೊಳ್ಳುತ್ತೇನೆಂದು ಕೈ ಚಾಚಿದರೆ ಅಕ್ಕ ಕೊಡಲಿಲ್ಲ. ಭಾವ ಏನೆಂದುಕೊಳ್ಳುವರೋ ಎಂದು ಸೂಚಿಸಿ ನೋಡಿದೆ; ಏನೂ ಅನ್ನಲಾರರು, ಅಂದರೆ ಊಟ ಬಿಸಿಯಾಗಿ ಗದ್ದೆಗೆ ಬರುವುದು ಬೇಡವೇ ಎಂದು ಕೇಳುತ್ತೇನೆಂದಳು. ಕೇಳಿದಳಂತೆ. ಭಾವ ಸುಮ್ಮನೆ ಉಂಡರಂತೆ. ಅದಾದ ಮೇಲೆ ತಿಂಗಳಿಗೊಮ್ಮೆ ಸೊರಬದ ಪೇಟೆಯಲ್ಲಿ ಅಕ್ಕ ಕಾಣಿಸತೊಡಗಿದಳೆಂದೂ, ಕೆಲವು ಅಂಗಡಿಯವರು ಅವಳನ್ನು ಕಂಡರೆ ಭಾವನವರನ್ನೇ ಕಳುಹಿಸಬಾರದೇ ಎಂದು ಬೇಡಿಕೊಳ್ಳುತ್ತಿದ್ದರೆಂದೂ ಅವ್ವನಿಂದ ಕೇಳಿದ್ದೇನೆ. ಎರಡನೆಯ ಮಾತಿಗೆ ಬೇರೆ ಆಧಾರವಿಲ್ಲ.

ಮುಂದಿನ ಯುಗಾದಿ ಕಳೆದ ಮೇಲೆ ಒಮ್ಮೆ ಸೊರಬಕ್ಕೆ ಹೋದೆ. ಬಚ್ಚಲಿನಲ್ಲಿ ಕೈತೊಳೆಯಲು ಬಗ್ಗಿದರೆ, ಕಲ್ಲಿನ ಮೇಲೆ ಆ ಸೋಪಿನ ಪೆಟ್ಟಿಗೆ, ಒಳಗೆ ಸವೆದ ಸೋಪು. ಊಟಕ್ಕೆ ಕೂತರೆ ಪಿಂಗಾಣಿ ಜಾಡಿಯಿಂದ ಉಪ್ಪಿನಕಾಯಿ ಬಂತು. ಅದರ ಮುಚ್ಚಳದ ಅಂಚು ಆಗಲೇ ಒಡೆದಿತ್ತು. ಕೈಗನ್ನಡಿಯ ಮುಂದೆ ಮಕ್ಕಳು ನಾಲಗೆ ಚಾಚಿ ಆಡುತ್ತಿದ್ದರು. ಹೂಜಿ ಎಲ್ಲಿ ಎಂದರೆ, ಒಡೆಯಿತು ಎಂದಳು, ಮಳೆ ಬಂತು ಎಂದಷ್ಟೇ ಸರಾಗವಾಗಿ. ನನ್ನ ಕ್ಯಾರಿಯರು ಆ ಹೊತ್ತಿನಲ್ಲಿ ಶಿಕಾರಿಪುರದ ಮನೆಯ ಗೋಡೆಯ ಹಲಗೆಯ ಮೇಲೆ, ಒಂದು ಗೀರೂ ಬೀಳದೆ, ಧೂಳು ಒರೆಸಿಕೊಂಡು ಕೂತಿತ್ತು.

ಊಟವಾದ ಮೇಲೆ ನಡುಮನೆಯಲ್ಲಿ ಮೈಚಾಚಿದವಳು ಎದುರಿನ ಗೋಡೆ ನೋಡಿದೆ. ಗೂಡು ಖಾಲಿ. ಮಕ್ಕಳ ಒಂದು ಚಡ್ಡಿ ಮಾತ್ರ ಅಲ್ಲಿ ಬಿದ್ದಿತ್ತು. ಅದು ತುಂಬಿಕೊಂಡಿದ್ದ ಕಾಲದಲ್ಲಿ ನನಗೆ ಎಂದೂ ಅಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ.